ಹೆಸರು ಹೇಳದವಳು

ಗಂಡಸರು ಕುಳಿತ ಜಮಖಾನದ ಮೇಲೆ ಸಾವಂತ್ರವ್ವ ನೇರವಾಗಿ ಬಂದು ಕುಳಿತಳು. ಅದೂ ವರನ ಪಕ್ಕದಲ್ಲಿ.

ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಆ ಮನೆಯಲ್ಲಿ ಶಂಕರೆಪ್ಪನಿಗೆ ಹೆಣ್ಣು ಗೊತ್ತುಮಾಡುತ್ತಿದ್ದರು. ಬಬಲೇಶ್ವರದ ಬೀರಣ್ಣ ಮಗಳನ್ನು ಕೊಡಲು ಒಪ್ಪಿದ್ದ. ನಿಶ್ಚಯದ ಸಕ್ಕರೆ ಹಂಚುವುದೊಂದು ಬಾಕಿ.

ಈಕೆ ಹೊಸ್ತಿಲು ದಾಟಿದಾಗ ಶಂಕರೆಪ್ಪ ಅರ್ಧ ಎದ್ದು, ಮತ್ತೆ ಕುಳಿತಿದ್ದ. ಈಗ ತಲೆ ಎತ್ತುತ್ತಿರಲಿಲ್ಲ.

ಯಾರೋ ಕೆಮ್ಮಿದರು. ಒಬ್ಬ ತಂಬಾಕು ಉಜ್ಜುವುದನ್ನೇ ಮರೆತ. ಬಾಗಿಲ ಮರೆಯಲ್ಲಿ ಹೆಂಗಸರ ಬಳೆ ಸದ್ದು ಅಡಗಿತು. ಸಾವಂತ್ರವ್ವ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದಳು. ಆಕೆಗೆ ಬೇಕಾದ ಮುಖ ಬೀರಣ್ಣನದು. ಅದು ಆಗಲೇ ಕಪ್ಪಿಟ್ಟಿತ್ತು.

“ಹೆಣ್ಮಗಳು ಗಂಡಸರ ನಡಕ ಕುಂತಿಯಲ್ಲ ಬೇ, ಯಾರ ಪೈಕಿ ನೀ?” ಹಿರಿಯರಾದ ಬಸಲಿಂಗಯ್ಯ ಕೇಳಿದರು.

“ಕನಮಡಿಯಿಂದ ಬಂದೇನ್ರಿ ಅಯ್ಯನವರ. ಯಾರ ಪೈಕಿ ಅಂತ ಇವರನ್ನ ಕೇಳ್ರಿ.”

“ಈಕಿ ಯಾರೋ ನನಗ ಗೊತ್ತಿಲ್ರಿ,” ಎಂದ ಶಂಕರೆಪ್ಪ. “ನನಗ ಮದಿವಿನ ಆಗಿಲ್ಲ.”

ಮದುವೆಯ ಮಾತನ್ನು ಯಾರೂ ಕೇಳಿರಲಿಲ್ಲ.

ಬಸಲಿಂಗಯ್ಯ ಆಕೆಯತ್ತ ತಿರುಗಿದರು. “ಗುರ್ತು ಇದ್ದಾಕಿ ಆದ್ರ ಇವನ ಹೆಸರು ಹೇಳು ನೋಡೋಣು.”

ಸಾವಂತ್ರವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಕೊರಳ ತಾಳಿಯನ್ನು ಬೆರಳಲ್ಲಿ ಹಿಡಿದಳು. ತುಟಿ ಬಿಚ್ಚಲಿಲ್ಲ.

“ಅಯ್ಯನವರ,” ಬಾಗಿಲ ಮರೆಯಿಂದ ಒಂದು ಮುದಿ ದನಿ ಬಂತು, “ನಿಮ್ಮ ಮನಿಯಾಕಿ ಬಾಯಾಗ ನಿಮ್ಮ ಹೆಸರು ಎಂದಾದ್ರೂ ಕೇಳೀರೇನ್ರಿ?”

ಕೆಲವರು ನಕ್ಕರು. ಬೀರಣ್ಣ ನಗಲಿಲ್ಲ.

“ಒಬ್ಬಾಕಿ ಇರೂವಾಗ ಇನ್ನೊಬ್ಬಾಕೀನ ಮಾಡ್ಕೊಂಡ್ರ ಈಗ ಸರಕಾರದವರು ಜೇಲಿಗೆ ಹಾಕತಾರ,” ಒಬ್ಬ ಗೊಣಗಿದ.

“ಜೇಲು ಹೋಗ್ಲಿ. ಕಟ್ಟಿಕೊಂಡಾಕೀನ ಗೊತ್ತಿಲ್ಲ ಅಂದಾಂವ ನಾಳೆ ನನ್ನ ಮಗಳನ್ನೂ ಗೊತ್ತಿಲ್ಲ ಅಂತಾನ.” ಬೀರಣ್ಣ ಎದ್ದ. ಸಕ್ಕರೆಯ ತಾಟನ್ನು ಬೋರಲು ಹಾಕಿದ.

ಶಂಕರೆಪ್ಪ ಬಾಯಿ ತೆರೆದ. ಸಾವಂತ್ರವ್ವನ ಮುಖ ನೋಡಿದ. ಮುಚ್ಚಿದ.

ಪಕ್ಕದ ಮನೆಯ ರೋಶನಬಿ ಎಲ್ಲವನ್ನೂ ಕಿಟಕಿಯಲ್ಲಿ ನಿಂತು ನೋಡಿದ್ದಳು. ಮನಸ್ಸು ತಡೆಯದೆ, ಕನಮಡಿ ಕಡೆ ಹೋಗುವ ತಿಕೋಟಾ ಬಸ್ಸಿನವರೆಗೆ ಸಾವಂತ್ರವ್ವನ ಜೊತೆಗೆ ಬಂದಳು.

“ಇಷ್ಟೆಲ್ಲಾ ಆದ್ರೂ ಗಂಡನ ಹೆಸರು ಬಾಯಾಗ ತರಲಿಲ್ಲಲ್ಲವ್ವ ನೀ. ಇನ್ನಾದ್ರೂ ಕರಕೊಂಡು ಬಾಳೇವು ಮಾಡ್ತಾನೇನೋ.”

“ಶಂಕರೆಪ್ಪ,” ಎಂದಳು ಸಾವಂತ್ರವ್ವ, ಗಟ್ಟಿಯಾಗಿ, ಮತ್ತು ಉಗುಳಿದಳು. ಬಸ್ಸಿಗೆ ಕಾದವರೆಲ್ಲ ತಿರುಗಿ ನೋಡಿದರು. ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು.

“ನನ್ನ ಗಂಡ ಕನಮಡ್ಯಾಗ ಜ್ವಾಳ ಕೊಯ್ಯಾಕತ್ತಾನ. ಶಂಕರೆಪ್ಪ ನನ್ನ ತಂಗಿ ತಾಯವ್ವನ ಗಂಡ. ನೀರಿಗೆ ಹೋಗಿ ಬಾವ್ಯಾಗ ಬಿದ್ದು ಸತ್ಲು ಅಂದಿದ್ದ. ಕೊಡ ಮನ್ಯಾಗ ಇತ್ತು.”

ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಆಕೆ ಹಿಂತಿರುಗಿದಳು.

“ಅವ ನಾ ಯಾರಂತ ಹೇಳಬೇಕಂದ್ರ, ಮೊದಲ ಸತ್ತಾಕಿ ಹೆಸರು ಹೇಳಬೇಕಿತ್ತು.”