ನೀಲಗಿರಿ ಎಣ್ಣೆಯ ವಿಚಾರಣೆ

"ಆ ಸೀಸೆ ತಂದು ಇಲ್ಲಿಡು," ಎಂದರು ಪರೀಕ್ಷಕರು. "ಇವತ್ತು ಇದೊಂದು ಇತ್ಯರ್ಥ ಆಗಿಹೋಗಲಿ."

ಹೆಂಡತಿ ಕಪಾಟಿನಿಂದ ಕಂದು ಬಣ್ಣದ ಪುಟ್ಟ ಸೀಸೆ ತಂದು ಊಟದ ಮೇಜಿನ ಮೇಲಿಟ್ಟರು. ಮೇಜಿನ ಆಚೆ ತುದಿಯಲ್ಲಿ ನಾದಿನಿ ಕೂತಿದ್ದಳು. ಎಣ್ಣೆ ಅವಳದೇ. ಮನೆಯಲ್ಲೇ ಸೀಸೆಗೆ ತುಂಬಿ, ಚೀಟಿ ಅಂಟಿಸಿ ಮಾರುತ್ತಿದ್ದಳು.

ಮೊಮ್ಮಗು ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ಮನೆಗೆ ಬಂದು ಹತ್ತು ದಿನವಾಗಿತ್ತು. ಅದಕ್ಕೆ ನೆಗಡಿಯೂ ಸೋಕಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಈ ಬೆಳಿಗ್ಗೆ ಅದು ಕೆಮ್ಮುತ್ತಾ ಎದ್ದಿತು. ಉಸಿರಿಗೊಮ್ಮೆ ಎದೆಗೂಡು ಒಳಕ್ಕೆ ಹೋಗುತ್ತಿತ್ತು. ಮಗಳೂ ಅಳಿಯನೂ ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದರು. ರೋಗವನ್ನು ಮನೆಯೊಳಕ್ಕೆ ತಂದವರು ಯಾರು? ಪರೀಕ್ಷಕರಿಗೆ ಅದು ಗೊತ್ತಾಗಲೇಬೇಕಿತ್ತು. ಗೊತ್ತಾದವರನ್ನು ಅವರು ಸುಮ್ಮನೆ ಬಿಡುವವರಲ್ಲ.

ಸಾಬೂನು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಅವರ ಕೆಲಸವೇ ಮೂಸುವುದು. ಅವರು ತಲೆಯಾಡಿಸದೆ ಒಂದು ಬಿಲ್ಲೆಯೂ ಹೊರಗೆ ಹೋಗುವಂತಿರಲಿಲ್ಲ. ನಿನ್ನೆಯೂ ಮೂರು ತೊಟ್ಟಿ ಸರಕನ್ನು ಪರಿಮಳ ಸಾಲದೆಂದು ತಳ್ಳಿಹಾಕಿ ಬಂದಿದ್ದರು. ಬೆರೆಸುವವರು ಮುಖ ಮುಖ ನೋಡಿಕೊಂಡರು. ಕುಣಿಯಲಾರದವರಿಗೆ ನೆಲ ಡೊಂಕು ಎಂದುಕೊಂಡು ಇವರು ಹೊರಟುಬಂದಿದ್ದರು.

ಇಂಥವರ ಮನೆಯಲ್ಲಿ ಬಾಗಿಲ ಚಿಲಕಕ್ಕೆ ನೀಲಗಿರಿ, ನೆಲ ಒರೆಸುವ ನೀರಿಗೆ ನಿಂಬೆಹುಲ್ಲು, ಮೂಲೆಯಲ್ಲಿ ಬುಸುಗುಡುವ ಹಬೆಯಂತ್ರ! ಕ್ರಿಮಿಗಳೇನು ಮಾನವಂತ ನೆಂಟರೇ, ಮುಖ ಸಿಂಡರಿಸಿದರೆ ಎದ್ದು ಹೋಗಲು? ಪರೀಕ್ಷಕರಿಗೆ ನೆನೆಸಿಕೊಂಡರೇ ಮೈ ಉರಿಯುತ್ತಿತ್ತು.

"ನಿನ್ನ ಎಣ್ಣೆ ಇದೆಯಲ್ಲ ಅನ್ನೋ ಧೈರ್ಯಕ್ಕೆ ನಿಮ್ಮಕ್ಕ ಸಿಕ್ಕಸಿಕ್ಕವರನ್ನೆಲ್ಲ ಮಗು ಹತ್ರ ಬಿಟ್ಟಳು," ಎಂದರು.

"ಯಾರನ್ನೂ ಬಿಟ್ಟಿಲ್ಲ ರೀ," ಎಂದರು ಹೆಂಡತಿ.

"ನೀನು ಮಧ್ಯೆ ಬಾಯಿ ಹಾಕಬೇಡ."

"ಎಣ್ಣೆ ಹಚ್ಚಿದ್ರೆ ಕಾಯಿಲೆ ಬರಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ ಭಾವ," ಎಂದಳು ನಾದಿನಿ. "ಮನೆಗೊಂದಿಷ್ಟು ಹಿತವಾಗಿರುತ್ತೆ ಅಂದೆ, ಅಷ್ಟೇ. ಕೈ ತೊಳೆದೇ ಮಗು ಎತ್ಕೊಳ್ಳಿ ಅಂತಲೂ ಅಂದಿದ್ದೆ. ನಿಮಗೂ ಅಂದಿದ್ದೆ."

"ನನಗೆ!" ಪರೀಕ್ಷಕರು ನಕ್ಕೇಬಿಟ್ಟರು. "ಹಗಲೆಲ್ಲ ಸಾಬೂನಿನ ಮಧ್ಯೆ ಇರೋನಿಗೆ ಕೈ ತೊಳಿ ಅಂತಾಳಲ್ಲ! ಮೀನಿಗೆ ಈಜು ಕಲಿಸೋಕೆ ಬಂದ್ಲು."

ಸಂಜೆ ಕಾರ್ಖಾನೆಯಿಂದ ಬಂದವರು ಬೂಟು ಬಿಚ್ಚುವ ಮೊದಲೇ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಅದರ ಮೂಗಿಗೆ ತಮ್ಮ ಮೂಗು ಉಜ್ಜಿ, "ಇದು ಥೇಟ್ ನನ್ನದೇ," ಎನ್ನುತ್ತಿದ್ದರು. ನಿನ್ನೆಯೂ ಅಂದಿದ್ದರು. ಅದು ನೆನಪಾಗಿ ಕೋಪ ಇಮ್ಮಡಿಯಾಯಿತು.

"ಮೊದಮೊದಲು ಘಾಟಿತ್ತು, ಸುಳ್ಳೇಕೆ ಹೇಳಲಿ," ಎಂದರು. "ಗಿರಾಕಿ ಕುದುರಿದ ಮೇಲೆ ಕಲಬೆರಕೆ ಶುರು ಮಾಡಿದೆ. ಮೊನ್ನೆಯಿಂದ ನಿನ್ನ ಹಬೆಯಂತ್ರ ದಂಡಕ್ಕೆ ಉರೀತಿದೆ."

ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವರು ಸೀಸೆಯ ಮುಚ್ಚಳ ತಿರುಗಿಸಿ ಮೂಸಿದ್ದರು. ಎಡಗಡೆಯಿಂದೊಮ್ಮೆ, ಬಲಗಡೆಯಿಂದೊಮ್ಮೆ, ಕಾರ್ಖಾನೆಯಲ್ಲಿ ಮಾಡುವ ಹಾಗೆಯೇ.

"ಅಡುಗೆ ಎಣ್ಣೆ," ಎಂದರು. "ವಾಸನೆ ತೆಗೆದ, ಅಗ್ಗದ ಅಡುಗೆ ಎಣ್ಣೆ."

ಸಾಕ್ಷಿ ಎಲ್ಲರ ಕಣ್ಣೆದುರೇ ಇರಲಿ ಎಂದು ಕುದಿಯುವ ನೀರನ್ನು ಬೋಗುಣಿಗೆ ಸುರಿದು, ಸೀಸೆಯನ್ನು ಅದರೊಳಕ್ಕೆ ಬೋರಲು ಹಾಕಿದರು. ಕೊನೆಯ ಹನಿಯವರೆಗೂ ಬಿಡಲಿಲ್ಲ. "ಅಸಲಿ ಆಗಿದ್ರೆ ಈಗ ಈ ಕೋಣೆಯಲ್ಲಿ ನಿಲ್ಲೋಕಾಗ್ತಿರಲಿಲ್ಲ."

ಬೋಗುಣಿಯ ಮೇಲೆ ಬಗ್ಗಿ ದೀರ್ಘವಾಗಿ ಉಸಿರೆಳೆದರು. ಕಣ್ಣಲ್ಲಿ ನೀರು ಬಂತು. ಕುದಿನೀರಿನ ಮೇಲೆ ಬಗ್ಗಿದರೆ ಬರದೇ ಇರುತ್ತದೆಯೇ? ಕನ್ನಡಕ ಒರೆಸಿಕೊಂಡು ತಲೆಯೆತ್ತಿದರೆ, ಹೆಂಡತಿ ಮುಖಕ್ಕೆ ಬಟ್ಟೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದ್ದರು. ತಂಗಿಯ ಕಳ್ಳತನ ಬಯಲಾದಾಗ ಅಕ್ಕ ತಲೆ ಎತ್ತುವುದಾದರೂ ಹೇಗೆ? ಕಳ್ಳಿಯ ಕೆನ್ನೆಯ ಮೇಲಂತೂ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

"ಅತ್ತು ಕರೆದು ನನ್ನ ಹತ್ರ ನಡೆಯಲ್ಲ."

"ನಾನು ಅಳ್ತಿಲ್ಲ ಭಾವ," ಎಂದಳು. ಅವರನ್ನೇ ಎವೆಯಿಕ್ಕದೆ ನೋಡಿದಳು. "ಇದನ್ನ... ನೀವು ಹೇಳ್ತಿದೀರಾ?"

"ನಾನಲ್ಲದೆ ಇನ್ಯಾರು ಹೇಳ್ಬೇಕು? ಏಳು. ಇನ್ನು ಈ ಮನೆ ಹೊಸ್ತಿಲು ತುಳೀಬೇಡ. ಆ ಮಗುಗೆ ಏನಾದ್ರೂ ಆದ್ರೆ, ಅದಕ್ಕೆ ಕಾರಣರಾದವರನ್ನ ನಾನು ಬದುಕಿರೋವರೆಗೂ ಕ್ಷಮಿಸಲ್ಲ. ತಿಳ್ಕೋ."

ಅವಳು ಅಕ್ಕನ ಮುಖ ನೋಡಿದಳು. ಅಕ್ಕ ಕೆಮ್ಮುತ್ತಾ ಕಿಟಕಿಯ ಚಿಲಕ ಎಳೆಯುತ್ತಿದ್ದರು. ಕೊನೆಗೆ ಚೀಲ ಎತ್ತಿಕೊಂಡು ಹೊರಟುಹೋದಳು. ಪರೀಕ್ಷಕರಿಗೆ ಬೆಳಗಿನಿಂದ ಮೊದಲ ಬಾರಿ ಮನಸ್ಸು ಹಗುರಾಯಿತು. ಕುರ್ಚಿಗೆ ಒರಗಿ ಕೂತು ಚಹಾ ಕೇಳಿದರು.

ಚಹಾ ಬರುವ ಮೊದಲೇ ಹೊರಗೆ ಕಾರು ನಿಂತಿತು.

"ಅಮ್ಮಾ! ಏನಿದು, ನೀಲಗಿರಿ ಘಾಟು ಗೇಟಿನ ತನಕ ಹೊಡೀತಿದೆ!" ಮಗಳು ಮೂಗು ಮುಚ್ಚಿಕೊಂಡೇ ಒಳಗೆ ಬಂದಳು. ಒಬ್ಬಳೇ ಬಂದಿದ್ದಳು.

ಪರೀಕ್ಷಕರು ಅವಳನ್ನೂ ಬೋಗುಣಿಯನ್ನೂ ನೋಡಿದರು.

"ಮಗು ಎಲ್ಲೇ?" ಎಂದರು ಹೆಂಡತಿ.

"ಮತ್ತೆ ಗಾಜಿನ ಪೆಟ್ಟಿಗೇಲಿಟ್ಟಿದಾರೆ ಅಮ್ಮ. ಬಟ್ಟೆ ತಗೊಂಡು ಹೋಗೋಕೆ ಬಂದೆ. ನಾಳೆವರೆಗೂ ಏನೂ ಹೇಳೋಕಾಗಲ್ಲ ಅಂದ್ರು." ಅವಳ ದನಿ ಒಡೆಯಿತು. "ಮನೆಯವರಿಂದಲೇ ತಗುಲಿರೋದಂತೆ. ದೊಡ್ಡವರಿಗಾದ್ರೆ ಜ್ವರ, ಕೆಮ್ಮು ಏನೂ ಕಾಣಿಸದೇ ಇರಬಹುದಂತೆ. ಯಾರಿಗಾದ್ರೂ ವಾಸನೆ ಗೊತ್ತಾಗ್ತಿಲ್ವಾ ಅಂತ ಕೇಳಿದ್ರು. ನಮ್ಮಪ್ಪನಂಥ ಮೂಗಿರೋ ಮನೇಲಾ, ಅಂದೆ."