ತೊಳೆದರೆ ಹೋಗುತ್ತಲ್ಲ

ಪಕ್ಕದ ಮನೆಯ ಹುಡುಗ ರೇಲು ಬೆಳಗಾಗೆದ್ದು ಬೇಲಿ ಹಾರಿ ಬಂದು ಜಂಫಿರಾಳ ತಾಮ್ರದ ಹಂಡೆಯೊಳಗೆ ಉಚ್ಚೆ ಹೊಯ್ದ. ಹೊಯ್ಯುತ್ತಲೇ, "ತ್ಸಿಗಾನ್ ನಾಯಿಗಳಾ, ಊರು ಬಿಟ್ಟು ತೊಲಗ್ರೋ" ಎಂದು ಕೂಗಿದ. ತ್ಸಿಗಾನ್ ಅಂದರೆ ರೊಮೇನಿಯಾದಲ್ಲಿ ರೋಮಾ ಕುಲದವರನ್ನು ಹಳಿಯುವ ಬೈಗುಳ. ಭಾನುವಾರ ಅವಳ ಮಗಳ ಮದುವೆಯ ಸಾರು ಆ ಹಂಡೆಯಲ್ಲೇ ಕುದಿಯಬೇಕಿತ್ತು.

ಜಂಫಿರಾ ಹಂಡೆ ತೊಳೆಯಲಿಲ್ಲ. ಏನನ್ನೂ ಮುಟ್ಟುವ ಮುಂಚೆ ಫೋಟೋ ತೆಗೆಯಬೇಕು, ಬೈದದ್ದನ್ನು ಬೈದ ಹಾಗೇ ಹೇಳಬೇಕು, ದೂರಿನ ನಂಬರು ಕೈಗೆ ಬರದೆ ಠಾಣೆಯಿಂದ ಕದಲಬಾರದು ಎಂದು ರೋಮಾ ಹೆಂಗಸರ ಕೂಟಕ್ಕೆ ಬಂದಿದ್ದ ವಕೀಲೆ ಹೇಳಿಕೊಟ್ಟಿದ್ದಳು. ಫೋಟೋ ತೆಗೆದಳು. ಮೈದುನ ಗ್ರೂಯಾನನ್ನು ಎಬ್ಬಿಸಿ, ಹಂಡೆಯನ್ನು ತಳ್ಳುಗಾಡಿಗೆ ಹೇರಿಸಿ, ನಡುಬೀದಿಯಲ್ಲೇ ತಳ್ಳಿಸಿಕೊಂಡು ಠಾಣೆಯೊಳಕ್ಕೇ ಹೋದಳು.

ಪೊಲೀಸ್ ಪಿಂತ್ಯಾ ಮೂಗು ಮುಚ್ಚಿಕೊಂಡ. "ಕುಡಿದ ಮತ್ತಲ್ಲಿ ಹುಡುಗ ಏನೋ ಮಾಡಿದಾನೆ, ಬಿಡಮ್ಮ."

"ಕುಡಿದೋನು ಗೋಡೆಗೆ ಹೊಯ್ತಾನೆ. ಬೀದಿ ತುಂಬ ಪ್ಲಮ್ ಹಣ್ಣು ಬೇಯಿಸೋ ಹಂಡೆಗಳಿದ್ವು ಸಾಹೇಬ್ರೇ, ಅವರ ಮನೇದೂ ಅಂಗಳದಲ್ಲೇ ಇತ್ತು. ಯಾವ ಹಂಡೆಗೂ ಬರದ ಉಚ್ಚೆ ನಮ್ಮದಕ್ಕೇ ಬಂತಾ?"

"ಅತ್ತಿಗೆ, ಸಾಕು ಬಾ," ಗ್ರೂಯಾ ಗೊಣಗಿದ. "ಇವರು ಬರ್ಕೊಳ್ಳೋದೂ ಒಂದೇ, ಕತ್ತೆ ಕಾಲಿಗೆ ಗೆಜ್ಜೆ ಕಟ್ಟೋದೂ ಒಂದೇ."

"ನೀನು ಸುಮ್ನಿರು. ನಿನ್ನ ಈ 'ಸಾಕು' ಕೇಳಿ ಕೇಳಿಯೇ ನಮ್ಮ ಮನೆ ಕಿಟಕೀಲಿ ಒಂದು ಗಾಜೂ ಉಳಿದಿಲ್ಲ."

ಕಾಲು ತೊಳೆದ ನೀರು ಚಿಮ್ಮಿದರೂ ಅಡುಗೆಯ ಪಾತ್ರೆಯನ್ನು ಆಚೆಗೆ ಎಸೆಯುವ ಜನ ಇವರು. ಒಮ್ಮೆ ಮೈಲಿಗೆಯಾದದ್ದು ಬೆಂಕಿಗಿಟ್ಟರೂ ಮಡಿಯಾಗದು. ರೇಲುಗೆ ಇದು ಚೆನ್ನಾಗಿ ಗೊತ್ತು. ಚಿಕ್ಕಂದಿನಲ್ಲಿ ಇವಳ ಪಾತ್ರೆಯಲ್ಲಿ ಕಾಲು ಅದ್ದಿ, ಇವಳ ಕೈಯಿಂದಲೇ ಪೆಟ್ಟು ತಿಂದು, ಆ ಪಾತ್ರೆ ಗುಜರಿಗೆ ಹೋದದ್ದನ್ನು ಕಣ್ಣಾರೆ ಕಂಡವನು ಅವನು. ಜಂಫಿರಾ ಅದನ್ನೂ ಹೇಳಿದಳು. "ಗೊತ್ತಿದ್ದೇ ಮಾಡಿದಾನೆ. ಕಲ್ಲು ಹೊಡೆದಿದ್ರೆ ತಗ್ಗು ಬೀಳೋದು, ಈ ಗ್ರೂಯಾ ಬಡಿದು ಸರಿ ಮಾಡೋನು. ಇದಕ್ಕೆ ಯಾವ ಸುತ್ತಿಗೆ ತರ್ಲಿ? ನಾವು ರೋಮಾ ಅಂತಲೇ ಮಾಡಿರೋದು. ದ್ವೇಷದ ಅಪರಾಧ ಅಂತ ಬರ್ಕೊಳ್ಳಿ."

"ದ್ವೇಷ!" ಪಿಂತ್ಯಾ ನಕ್ಕ. "ಇಡೀ ರೊಮೇನಿಯಾದಲ್ಲಿ ಉಚ್ಚೆಗೆ ಕೇಸು ಹಾಕಿದವಳು ನೀನೊಬ್ಬಳೇ ಆಗ್ತೀಯ ನೋಡು. ಏನು ಒಡೆದಿದೆ? ಏನು ಕಳುವಾಗಿದೆ? ನಷ್ಟವೇ ಇಲ್ಲ ಅಂದ್ಮೇಲೆ ಏನಂತ ಬರೀಲಿ? ತೊಳೆದ್ರೆ ಹೋಗುತ್ತಲ್ಲ!"

ನೊಣಗಳು ಮೇಜಿನವರೆಗೂ ಬಂದಿದ್ದವು. ಪಿಂತ್ಯಾ ರೇಗಿ ಎದ್ದು ಗಾಡಿಯನ್ನು ಅಂಗಳಕ್ಕೆ ತಳ್ಳಿಸಿದ. ಹೂಗಿಡಗಳಿಗೆ ನೀರು ಬಿಡುವ ಪೈಪನ್ನು ತಾನೇ ಎಳೆದು ತಂದು, ಸೋಪಿನ ಪುಡಿ ಸುರಿದು, ಹಂಡೆ ತೊಳೆದ. ಮಗುಚಿದ, ಮತ್ತೆ ತೊಳೆದ. ಕೊನೆಗೆ ಅರ್ಧ ಹಂಡೆ ತಿಳಿನೀರು ತುಂಬಿಸಿ ಪೈಪು ಬಿಸಾಕಿದ. ಜಂಫಿರಾ ತಡೆಯಲಿಲ್ಲ. ಫೋಟೋ ಅವಳ ಫೋನಿನಲ್ಲಿತ್ತು.

"ನೋಡು, ಕನ್ನಡಿ ಹಾಗಾಗಿದೆ! ಭಾನುವಾರ ಸಾರು ಮಾಡು. ನನ್ನನ್ನೂ ಕರಿ."

ಅವಳು ಒಳಗೆ ಹೋದಳು. ಮೇಜಿನ ಮೇಲಿದ್ದ ಅವನದೇ ಕಾಫಿ ಲೋಟ ತಂದು, ಹಂಡೆಯಲ್ಲಿ ಅದ್ದಿ, ತುಂಬಿ ಅವನ ಮುಂದೆ ಹಿಡಿದಳು.

"ಭಾನುವಾರದ ತನಕ ಯಾಕೆ ಕಾಯ್ತೀರಿ ಸಾಹೇಬ್ರೇ? ಕುಡೀರಿ."

ಪಿಂತ್ಯಾನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. "ನಂಗೆ ಬಾಯಾರಿಕೆ ಇಲ್ಲ," ಎಂದ.

ಅಲ್ಲಿಯವರೆಗೂ ಹೋಗೋಣ ಹೋಗೋಣ ಎನ್ನುತ್ತಿದ್ದ ಗ್ರೂಯಾ ಗಾಡಿಯ ಅಂಚಿಗೆ ಆರಾಮಾಗಿ ಕೂತ.

"ಒಂದು ಗುಟುಕು ಸಾಕು," ಎಂದಳು ಜಂಫಿರಾ. "ನೀವು ಕುಡಿದ್ರೆ ಗಾಡಿ ತಳ್ಕೊಂಡು ಹೋಗ್ತೀನಿ. ಇಲ್ಲಾಂದ್ರೆ ಒಳಗೆ ಬಂದು ಬರ್ಕೊಳ್ಳಿ."

"ಆ ಲೋಟ ಕೆಳಗಿಡಮ್ಮ."

ಜಂಫಿರಾ ಲೋಟವನ್ನು ಅವನ ಮೀಸೆಯ ಹತ್ತಿರಕ್ಕೆ ಒಯ್ದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಕೆಳಗಿಡು ಅಂದೆ!"

"ಇಡಲ್ಲ."