ಸುಡದ ಕೈ

ಕಾದ ಎಣ್ಣೆಯಲ್ಲಿ ಅದ್ದಿದರೂ ಅವ್ವನ ಕೈ ಸುಡಲಿಲ್ಲವೆಂದು ನಮ್ಮ ಬುಡಕಟ್ಟಿನವರು ಹೆಮ್ಮೆಯಿಂದ ಹೇಳುತ್ತಾರೆ. ಹಾಗಾದರೆ ಅವಳು ತಿಂಗಳುಗಟ್ಟಲೆ ಎಡಗೈಯಲ್ಲಿ ಉಂಡಿದ್ದೇಕೆ? ಕೆಂಗೇರಿಯಲ್ಲಿ ಬೋಂಡಾ ಎಣ್ಣೆಯ ವಾಸನೆ ಬಂದರೆ ಈಗಲೂ ನಾನು ರಸ್ತೆ ದಾಟಿಬಿಡುತ್ತೇನೆ.

ನಮ್ಮ ಹೆಂಗಸರು ಹೊತ್ತು ಮುಳುಗುವ ಮೊದಲೇ ಹಟ್ಟಿ ಸೇರಬೇಕಿತ್ತು. ವಿಜಯನಗರದಲ್ಲಿ ಮಣಿಸರ ಮಾರಿ ಬರುತ್ತಿದ್ದ ಅವ್ವ ಅಂದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕತ್ತಲಾದ ಮೇಲೆ ಬಂದಳು. ಮರುದಿನ ಮಧ್ಯಾಹ್ನ ಗಂಡಸರೆಲ್ಲ ಸುತ್ತ ಕೂತರು. ನಡುವೆ ಬಾಣಲೆಯ ಎಣ್ಣೆ ಹೊಗೆಯಾಡುತ್ತಿತ್ತು.

"ಬಸ್ಸು ನಿಂತೋಗಿತ್ತು ಕಣಣ್ಣಾ," ಎಂದಳು ಅವ್ವ.

"ತಪ್ ಮಾಡ್ದೇ ಇದ್ರೆ ಕೈ ಸುಡಲ್ಲ ಕಣಮ್ಮಾ. ಭಯ ಯಾಕೆ, ಅದ್ದು," ಎಂದ ಹಟ್ಟಿಯ ಯಜಮಾನ.

ಅವ್ವ ಗಾಜಿನ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡಳು. ನಾನು ಅಪ್ಪನ ಲುಂಗಿ ಜಗ್ಗಿದೆ.

"ಅಪ್ಪಾ, ನೆನ್ನೆ ನೀನು ಅವ್ವಂಗಿಂತ ಲೇಟಾಗಿ ಬಂದ್ಯಲ್ಲಾ, ನೀನ್ ಯಾವಾಗ ಅದ್ದೋದು?"